ಹಳೇ ವಿಮಾನ ತಗ್ಗಿನಲ್ಲಿ ಹಾರುವಾಗ: ಫೋಟೊ ತೆಗೆಯುವವರ ಸುರಕ್ಷತೆಗೆ ಸಮಗ್ರ ಮಾರ್ಗದರ್ಶಿ

ಭಿಗವಣ್‌ನ ಹಕ್ಕಿಗಳಿಗೆ, ಶಿವಡಿಯ ಫ್ಲೆಮಿಂಗೊಗಳಿಗೆ ಅಂತ ದೊಡ್ಡ ಲೆನ್ಸ್ ಕೊಂಡವರು ಮುಂಬೈ, ಪುಣೆಯ ನಮ್ಮ ಕನ್ನಡದವರಲ್ಲಿ ಬೇಕಾದಷ್ಟಿದ್ದಾರೆ. ಒಂದೆರಡು ಸೀಸನ್ ಕಳೆದ ಮೇಲೆ ಅದೇ ಲೆನ್ಸ್ ನಿಧಾನಕ್ಕೆ ವಿಮಾನಗಳ ಕಡೆ ತಿರುಗುತ್ತದೆ. ತಿರುಗಲಿ, ತಪ್ಪೇನಿಲ್ಲ. ಆದರೆ ಹಕ್ಕಿ ಎಷ್ಟು ಹತ್ತಿರ ಬಂದರೆ ಅಷ್ಟು ಒಳ್ಳೆಯದು. ಎರಡು ಟನ್ ಮೀರಿದ ಹಾರ್ವರ್ಡ್ ವಿಮಾನದ ವಿಷಯ ಹಾಗಲ್ಲ.

ಅದರಲ್ಲೂ ಹಳೇ ವಿಮಾನ ಅಂದರೆ ಆಸೆ ಜಾಸ್ತಿ. ನಮ್ಮ ದೇಶದಲ್ಲಿ ಇನ್ನೂ ಹಾರುವ ಹಳೇ ವಿಮಾನಗಳು ಬೆರಳೆಣಿಕೆಯಷ್ಟು. ವಾಯುಪಡೆಯ ವಿಂಟೇಜ್ ಫ್ಲೈಟ್ ಇರುವುದು ದೆಹಲಿ ಪಕ್ಕದ ಹಿಂಡನ್‌ನಲ್ಲಿ. ಟೈಗರ್ ಮಾತ್, ಹಾರ್ವರ್ಡ್, ಡಕೋಟಾ ಅದರ ಹೆಸರುವಾಸಿ ವಿಮಾನಗಳು. 2018ರಲ್ಲಿ ಬ್ರಿಟನ್‌ನಿಂದ ಬಂದ ಆ ಡಕೋಟಾಗೆ ವಿಪಿ 905 ಎಂಬ ನಂಬರ್ ಹಾಕಿದ್ದಾರೆ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾದ ನಂಬರ್ ಅದು. ಮುಂಬೈಗೂ ಈ ಕಥೆಯಲ್ಲಿ ಪಾಲಿದೆ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಪುಸ್ ಮಾತ್ ಹಾರಿಸಿಕೊಂಡು ಬಂದು ಇಳಿದದ್ದು ನಮ್ಮ ಜುಹೂನಲ್ಲೇ. 1962ರಲ್ಲಿ, ಮತ್ತೆ 1982ರಲ್ಲಿ, ಅದೇ ಹಾದಿಯನ್ನು ಲೆಪರ್ಡ್ ಮಾತ್‌ನಲ್ಲಿ ಹಾರಿ ತೋರಿಸಿದರು. ಈಗ ಜುಹೂನಲ್ಲಿ ಹೆಚ್ಚಾಗಿ ಹೆಲಿಕಾಪ್ಟರ್‌ಗಳದ್ದೇ ಓಡಾಟ.

ಅಂದರೆ, ಇಂಥ ವಿಮಾನ ನಿಮ್ಮ ಕಣ್ಣಿಗೆ ಬೀಳುವುದೇ ಅಪರೂಪ, ಬಿದ್ದರೂ ಎರಡು ಮೂರು ನಿಮಿಷ. ಆ ಎರಡು ನಿಮಿಷದಲ್ಲಿ ಫ್ರೇಮ್ ತುಂಬಿಸಲೇಬೇಕು ಅನ್ನುವ ಹಟವೇ ಜನರನ್ನು ಬೇಲಿ ದಾಟಿಸುತ್ತದೆ, ಕಟ್ಟೆ ಹತ್ತಿಸುತ್ತದೆ. ಕೆಳಗಿನ ಹಂತಗಳೆಲ್ಲ ಆ ಹಟವನ್ನು ಹಿಡಿತದಲ್ಲಿ ಇಡುವುದಕ್ಕೆ. ಇಲ್ಲೇ ಆದರೂ, ರಜೆಗೆ ಹೋದಾಗ ಹೊರದೇಶದ ಏರ್ ಶೋನಲ್ಲಿ ಆದರೂ ಇವೇ ಉಪಯೋಗಕ್ಕೆ ಬರುತ್ತವೆ.

ಹಂತ 1: ಮೊದಲು ವಿಮಾನದ ಸ್ವಭಾವ ತಿಳಿದುಕೊಳ್ಳಿ

ಹಳೇದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಎಷ್ಟೋ ಹಳೇ ವಿಮಾನಗಳನ್ನು ಮಕ್ಕಳಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೂ ಲೋಹಕ್ಕೆ ವಯಸ್ಸಾಗುತ್ತದೆ, ಬಿಡಿಭಾಗ ಸಿಗುವುದು ಕಷ್ಟ, ಎಂಜಿನ್‌ಗಳು ಈಗಿನಷ್ಟು ನಂಬಿಕಸ್ಥ ಅಲ್ಲ. ಟೈಗರ್ ಮಾತ್‌ಗೂ ಹಾರ್ವರ್ಡ್‌ಗೂ ಇರುವುದು ಒಂದೇ ಎಂಜಿನ್. ನೂರು ಅಡಿ ಎತ್ತರದಲ್ಲಿ ಅದು ಕೈಕೊಟ್ಟರೆ ತಿರುಗಿ ವಾಪಸ್ ಬರುವಷ್ಟು ಎತ್ತರ ಪೈಲಟ್ ಹತ್ತಿರ ಇರುವುದಿಲ್ಲ. ಮೂಗಿನ ಮುಂದೆ, ಸ್ವಲ್ಪ ಎಡಕ್ಕೆ ಬಲಕ್ಕೆ ಎಲ್ಲಿ ಸಮತಟ್ಟು ಜಾಗ ಕಾಣುತ್ತದೋ ಅಲ್ಲೇ ಇಳಿಸಬೇಕು. ಸಮುದ್ರದ ಪಕ್ಕ ಹಾರುವಾಗ ಆ ಸಮತಟ್ಟು ಜಾಗ ಯಾವುದು ಹೇಳಿ? ಬೀಚ್. 2017ರ ಆಗಸ್ಟ್‌ನಲ್ಲಿ ಪೋರ್ಚುಗಲ್‌ನ ಕಪಾರಿಕಾ ಬೀಚ್‌ನಲ್ಲಿ ಹೀಗೇ ಒಂದು ಪುಟ್ಟ ಸೆಸ್ನಾ ತುರ್ತಾಗಿ ಇಳಿಯಿತು. ಮರಳಿನ ಮೇಲಿದ್ದ ಇಬ್ಬರು ಸತ್ತರು. ಅವರಲ್ಲಿ ಒಬ್ಬಳು ಚಿಕ್ಕ ಹುಡುಗಿ.

ಈಗ ವೇಗದ ಲೆಕ್ಕ ಮಾಡಿ. ಟೈಗರ್ ಮಾತ್ ಗಂಟೆಗೆ 110 ಕಿ.ಮೀ. ಆಸುಪಾಸು ಹಾರಿದರೆ ಸೆಕೆಂಡಿಗೆ 30 ಮೀಟರ್. ಹಾರ್ವರ್ಡ್ 250ರಲ್ಲಿ ಬಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 70 ಮೀಟರ್. 150 ಮೀಟರ್ ದೂರದಲ್ಲಿದ್ದ ಹಾರ್ವರ್ಡ್ ನಿಮ್ಮ ಕಡೆ ತಿರುಗಿದರೆ ನಿಮ್ಮ ಹತ್ತಿರ ಇರುವುದು ಎರಡು ಸೆಕೆಂಡ್. ಕಣ್ಣು ವ್ಯೂಫೈಂಡರ್‌ನಲ್ಲಿ, ಕುತ್ತಿಗೆಯಲ್ಲಿ ಪಟ್ಟಿ, ಪಕ್ಕದಲ್ಲಿ ಜನ. ಎರಡು ಸೆಕೆಂಡಿನಲ್ಲಿ ಓಡುತ್ತೇನೆ ಅನ್ನುವುದು ಸುಮ್ನೆ ಮಾತು. ಏನು ಮಾಡಿದರೂ ಮೊದಲೇ, ನಿಲ್ಲುವ ಜಾಗ ಆರಿಸುವಾಗಲೇ ಮಾಡಬೇಕು.

ಹಂತ 2: ಜಾಗ ಆರಿಸುವುದು

ಇದರ ಮೇಲೆ ಜಾಸ್ತಿ ಸಮಯ ಹಾಕಿ. ಉಳಿದದ್ದೆಲ್ಲ ಇದರ ಮುಂದೆ ಸಣ್ಣದು.

ಏರ್ ಶೋ ನಡೆಸುವವರು ಒಂದು ಪ್ರದರ್ಶನದ ಗೆರೆ ಹಾಕಿರುತ್ತಾರೆ, ಅದಕ್ಕೆ ಸಮಾನಾಂತರವಾಗಿ ಜನ ನಿಲ್ಲುವ ಗೆರೆ. ಅಮೆರಿಕದ ನಿಯಮದಲ್ಲಿ 156 ನಾಟ್‌ವರೆಗಿನ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ನಿಧಾನ ವಿಮಾನಕ್ಕೂ ಜನರಿಗೂ ನಡುವೆ 500 ಅಡಿ, 245 ನಾಟ್‌ವರೆಗೆ 1,000 ಅಡಿ, ಅದಕ್ಕೂ ವೇಗದ್ದಕ್ಕೆ 1,500 ಅಡಿ ಅಂತರ ಬೇಕು. ಜನರ ಕಡೆಗೆ ಮೂಗು ಮಾಡಿ ಕಸರತ್ತು ಮಾಡಬಾರದು ಅನ್ನುವ ಎಚ್ಚರ ಬಿಗಿಯಾದದ್ದು 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ 70 ಜನ ಸತ್ತ ಮೇಲೆ. ಈ ಗೆರೆಗಳ ಹಿಂದೆ ಹೆಣಗಳ ಲೆಕ್ಕ ಇದೆ. ಹವಾಲ್ದಾರ ‘ಮಾಗೇ ವ್ಹಾ’ (ಹಿಂದೆ ಸರಿಯಿರಿ) ಅಂದಾಗ ಅವನ ಜೊತೆ ವಾದಕ್ಕೆ ನಿಲ್ಲುವ ಮೊದಲು ಇದನ್ನು ನೆನೆಸಿಕೊಳ್ಳಿ.

ನಮ್ಮ ಫೋಟೊಗ್ರಾಫರ್‌ಗಳಿಗೆ ಇನ್ನೊಂದು ಚಟ ಇದೆ. ಟಿಕೆಟ್ ಜಾಗ ಬಿಟ್ಟು ಹೊರಗೆ, ರನ್‌ವೇ ತುದಿಯ ರಸ್ತೆಯಲ್ಲಿ ನಿಲ್ಲುವುದು. ಅಲ್ಲಿಂದ ಆಂಗಲ್ ಚೆನ್ನಾಗಿರುತ್ತದೆ, ನಿಜ. ಆದರೆ 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರಮ್‌ನಲ್ಲಿ ಹಳೇ ಹಾಕರ್ ಹಂಟರ್ ಜೆಟ್ ಒಂದು ಲೂಪ್ (ಮೇಲಕ್ಕೇರಿ ಮಗುಚಿ ಕೆಳಗಿಳಿಯುವ ಸುತ್ತು) ಪೂರ್ತಿ ಮಾಡಲಾಗದೆ ಪಕ್ಕದ ಹೆದ್ದಾರಿಗೆ ಬಿತ್ತು. ಸತ್ತ 11 ಜನರೂ ಮೈದಾನದ ಹೊರಗಿದ್ದವರು. ಕೆಲವರು ದಾರಿಯಲ್ಲಿ ಹೋಗುತ್ತಿದ್ದವರು, ಕೆಲವರು ಅಲ್ಲಿ ನಿಂತು ನೋಡುತ್ತಿದ್ದವರು. ಒಳಗಿನ ಪ್ರೇಕ್ಷಕರಲ್ಲಿ ಒಬ್ಬರೂ ಸಾಯಲಿಲ್ಲ. ಹಾಗಂತ ಒಳಗಿದ್ದರೆ ಏನೂ ಆಗುವುದಿಲ್ಲ ಅಂತಲೂ ಹೇಳಲಾರೆ. 2011ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೀನೊದಲ್ಲಿ ರೇಸ್‌ಗಾಗಿ ಮಾರ್ಪಡಿಸಿದ ಹಳೇ ಮಸ್ಟ್ಯಾಂಗ್ ವಿಮಾನ ಕುರ್ಚಿ ಹಾಕಿ ಕೂತವರ ಮಧ್ಯೆಯೇ ಬಿದ್ದು ಪೈಲಟ್ ಸೇರಿ 11 ಜನ ಹೋದರು. ಆದರೂ ಹೊರಗಿನ ಜಾಗದ ಬಗ್ಗೆ ಯಾರೂ ಲೆಕ್ಕ ಹಾಕಿರುವುದಿಲ್ಲ, ಆಂಬುಲೆನ್ಸ್‌ಗೆ ದಾರಿ ಬಿಟ್ಟಿರುವುದಿಲ್ಲ. ಆ ವ್ಯತ್ಯಾಸ ಸಣ್ಣದಲ್ಲ.

ರಿಹರ್ಸಲ್ ದಿನ ಜನ ಕಮ್ಮಿ, ಆರಾಮಾಗಿ ತೆಗೆಯಬಹುದು ಅನ್ನುವವರು ಬೆಂಗಳೂರನ್ನು ಮರೆಯಬಾರದು. 2019ರ ಏರೋ ಇಂಡಿಯಾದ ಹಿಂದಿನ ದಿನ, ಫೆಬ್ರವರಿ 19ರಂದು, ಯಲಹಂಕದಲ್ಲಿ ವಾಯುಪಡೆಯ ಸೂರ್ಯಕಿರಣ ತಂಡದ ಎರಡು ಹಾಕ್ ಜೆಟ್‌ಗಳು ರಿಹರ್ಸಲ್‌ನಲ್ಲೇ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ಗೋವಾದವರಿಗೆ ಇದಕ್ಕಿಂತ ಹತ್ತಿರದ ನೆನಪಿದೆ. ದಾಬೋಲಿಮ್‌ನಲ್ಲಿ ನೆಲೆ ಇದ್ದ ನೌಕಾಪಡೆಯ ಸಾಗರ್ ಪವನ್ ತಂಡದ ಕಿರಣ್ ವಿಮಾನ 2010ರ ಮಾರ್ಚ್ 3ರಂದು ಹೈದರಾಬಾದ್‌ನ ಬೇಗಂಪೇಟೆಯಲ್ಲಿ ಪ್ರದರ್ಶನದ ವೇಳೆ ವಸತಿ ಪ್ರದೇಶದ ಮೇಲೆ ಬಿತ್ತು. ಇಬ್ಬರು ಪೈಲಟ್‌ಗಳು ಹೋದರು.

ಈಗ ಊರಿನ ಲೆಕ್ಕ. 2024ರ ಜನವರಿಯಲ್ಲಿ ವಾಯುಪಡೆ ಮರೀನ್ ಡ್ರೈವ್‌ನಲ್ಲಿ ಪ್ರದರ್ಶನ ಕೊಟ್ಟಿತಲ್ಲ, ಮತ್ತೆ ಅಂಥದ್ದು ಬಂದರೆ ಅಲ್ಲಿನ ದೊಡ್ಡ ಅಪಾಯ ಆಕಾಶದಲ್ಲಿ ಇರುವುದಿಲ್ಲ, ಕಾಲ ಕೆಳಗೆ ಇರುತ್ತದೆ. ಕಟ್ಟೆಯ ಆಚೆ ಇರುವ ಟೆಟ್ರಾಪಾಡ್‌ಗಳ (ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳ) ಮೇಲೆ ಇಳಿಯಬೇಡಿ. ಪಾಚಿ ಹಿಡಿದಿರುತ್ತದೆ, ಸಂದಿಗೆ ಕಾಲು ಹೋದರೆ ನೀವೇ ಎತ್ತಿಕೊಳ್ಳಲು ಆಗುವುದಿಲ್ಲ, ಭರತದ ನೀರು ಕೇಳಿ ಬರುವುದಿಲ್ಲ. ಕಟ್ಟೆಯ ಮೇಲೆ ನಿಂತು ಪ್ಯಾನ್ ಮಾಡುವುದೂ, ಅಂದರೆ ವಿಮಾನದ ಜೊತೆ ಕ್ಯಾಮೆರಾ ತಿರುಗಿಸುವುದೂ ಬೇಡ. ವಿಮಾನದ ಹಿಂದೆ ಮೈ ತಿರುಗುತ್ತದೆ, ಕಾಲು ಎಲ್ಲಿದೆ ಅನ್ನುವುದು ಮರೆಯುತ್ತದೆ. ಇನ್ನೊಂದು, ಅಲ್ಲಿ ಸಮುದ್ರ ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯ ಬೆನ್ನಿಗೆ, ಸಂಜೆ ಮುಖಕ್ಕೆ. ಸಂಜೆ ಉದ್ದ ಲೆನ್ಸ್‌ನಲ್ಲಿ ವಿಮಾನ ಹಿಂಬಾಲಿಸುತ್ತಾ ಸೂರ್ಯನನ್ನು ದಾಟಿಸಿದರೆ ಕ್ಯಾಮೆರಾ ಹಾಳಾಗುವುದು ಆಮೇಲಿನ ಮಾತು, ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನಲ್ಲಿ ಕಣ್ಣೇ ಹೋಗಬಹುದು. ಗೋವಾದ ಬೀಚ್‌ಗಳಿಗೂ ಇದೇ ಮಾತು.

ಕಟ್ಟಡದ ಟೆರೇಸ್ ಸಿಕ್ಕರೆ ಎದೆಮಟ್ಟದ ಗೋಡೆ ಇದೆಯಾ ನೋಡಿ. ಮಂಡಿಮಟ್ಟದ್ದಾದರೆ ಇಳಿದು ಬನ್ನಿ. ಲೋಕಲ್ ಹಳಿ, ಫ್ಲೈಓವರ್ ಅಂಚು, ಪುಣೆಯ ಟೇಕಡಿಗಳ (ಗುಡ್ಡಗಳ) ಬಂಡೆ ತುದಿ, ಇವೆಲ್ಲ ಹೇಳಬೇಕಾಗಿಲ್ಲ ಅಲ್ವಾ?

ಕಾನೂನಿನ ಮಾತೂ ಇಲ್ಲೇ ಮುಗಿಸಿಬಿಡುತ್ತೇನೆ. ಪುಣೆಯ ಲೋಹಗಾಂವ್ ವಾಯುಪಡೆಯದ್ದು, ಗೋವಾದ ದಾಬೋಲಿಮ್ ನೌಕಾಪಡೆಯದ್ದು. ಪ್ರಯಾಣಿಕರು ಓಡಾಡುತ್ತಾರೆ ಅಂತ ಅವು ನಮ್ಮ ಬಸ್ ಸ್ಟ್ಯಾಂಡ್ ಆಗುವುದಿಲ್ಲ. ಕಾಂಪೌಂಡ್ ಪಕ್ಕ ಉದ್ದ ಲೆನ್ಸ್ ಹಿಡಿದು ನಿಂತರೆ 1923ರ ಅಧಿಕೃತ ರಹಸ್ಯ ಕಾಯ್ದೆಯ ಹೆಸರು ಕೇಳಬೇಕಾಗಬಹುದು. ಪೈಲಟ್ ಮಾತು ಕೇಳಲು ರೇಡಿಯೊ ಸ್ಕ್ಯಾನರ್ ಒಯ್ಯುವುದು ಇನ್ನೂ ಕೆಟ್ಟ ಐಡಿಯಾ. ದೆಹಲಿ ಏರ್‌ಪೋರ್ಟ್ ಹತ್ತಿರದ ಹೋಟೆಲ್‌ನಲ್ಲಿದ್ದ ಇಬ್ಬರು ಬ್ರಿಟಿಷ್ ಹವ್ಯಾಸಿಗಳು 2010ರಲ್ಲಿ ಇದೇ ಕಾರಣಕ್ಕೆ ಜೈಲು ನೋಡಿ ಬಂದರು.

ಹಂತ 3: ಲೆನ್ಸ್‌ನಿಂದಲೇ ದೂರ ಅಳೆಯಿರಿ

ಇದು ನನಗೆ ತುಂಬಾ ಇಷ್ಟದ ಉಪಾಯ. ಬೇರೆ ಸಲಕರಣೆ ಬೇಡ.

ಬದಿಯಿಂದ ಕಾಣುವ ವಿಮಾನ ಮೂಗಿನಿಂದ ಬಾಲದ ತನಕ ಫ್ರೇಮನ್ನು ಸರಿಯಾಗಿ ತುಂಬಿದರೆ, ವಿಮಾನದ ಉದ್ದವನ್ನು ಫೋಕಲ್ ಲೆಂತ್‌ನಿಂದ (ಲೆನ್ಸ್ ಮೇಲೆ ಬರೆದಿರುವ ಮಿ.ಮೀ.) ಗುಣಿಸಿ ಸೆನ್ಸರ್ (ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಚಿಪ್) ಅಗಲದಿಂದ ಭಾಗಿಸಿ. ಅದೇ ದೂರ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ. ಡಕೋಟಾ ಸುಮಾರು 19.5 ಮೀಟರ್ ಉದ್ದ. 400 ಮಿ.ಮೀ. ಲೆನ್ಸ್‌ನಲ್ಲಿ ಅದು ಫ್ರೇಮ್ ತುಂಬಿತು ಅಂದರೆ ಸುಮಾರು 217 ಮೀಟರ್ ದೂರದಲ್ಲಿದೆ. ಚಿಕ್ಕ ಎಪಿಎಸ್-ಸಿ ಸೆನ್ಸರ್ ಆದರೆ ಸುಮಾರು 330 ಮೀಟರ್. ಅರ್ಧ ಫ್ರೇಮ್ ಮಾತ್ರ ತುಂಬಿದರೆ ದೂರ ಎರಡರಷ್ಟು.

ಈಗ ಹಾರ್ವರ್ಡ್ ತೆಗೆದುಕೊಳ್ಳಿ. ಉದ್ದ ಒಂಬತ್ತು ಮೀಟರ್‌ಗೆ ಸ್ವಲ್ಪ ಕಮ್ಮಿ. ಅದೇ 400ರಲ್ಲಿ ಫುಲ್ ಫ್ರೇಮ್ ತುಂಬಿದರೆ ನೂರು ಮೀಟರ್ ಒಳಗೇ ಇದೆ. ಮೇಲೆ ಹೇಳಿದ 500 ಅಡಿ ಅಂದರೆ 150 ಮೀಟರ್. ಅಂದರೆ ನಿಮ್ಮ ಫ್ರೇಮ್ ತುಂಬಿದ ಖುಷಿಯೇ ಅಪಾಯದ ಸೂಚನೆ. ಟೈಗರ್ ಮಾತ್ ಏಳೂಕಾಲು ಮೀಟರ್ ಚಿಲ್ಲರೆ, ಇನ್ನೂ ಹತ್ತಿರ ಬಂದಿರುತ್ತದೆ.

ಮನೆಯಲ್ಲೇ ನಿಮ್ಮ ಕ್ಯಾಮೆರಾ, ಲೆನ್ಸ್, ನೋಡಲಿರುವ ವಿಮಾನ ಮೂರನ್ನೂ ಇಟ್ಟುಕೊಂಡು ಲೆಕ್ಕ ಮಾಡಿ, ಚಿಕ್ಕ ಚೀಟಿಯಲ್ಲಿ ಬರೆದು ಲೆನ್ಸ್ ಹುಡ್‌ಗೆ ಅಂಟಿಸಿ. ಮೊದಲ ಸುತ್ತಿನಲ್ಲೇ ಗೊತ್ತಾಗುತ್ತದೆ, ನೀವು ನಿಂತ ಜಾಗ ಸರಿಯಾ ಇಲ್ಲವಾ ಅಂತ. ಹತ್ತಿರ ಅನ್ನಿಸಿದರೆ ಎರಡನೇ ಸುತ್ತಿಗೆ ಕಾಯಬೇಡಿ, ಹಿಂದೆ ಹೋಗಿ. ಈಗಿನ ಕ್ಯಾಮೆರಾಗಳಲ್ಲಿ ಅರ್ಧ ಫ್ರೇಮ್‌ನ ವಿಮಾನವನ್ನು ಕ್ರಾಪ್ ಮಾಡಿದರೂ ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ಬರುತ್ತದೆ.

ಹಂತ 4: ಒಬ್ಬರೇ ಹೋಗಬೇಡಿ

400 ಮಿ.ಮೀ. ಲೆನ್ಸ್ ನಿಮಗೆ ತೋರಿಸುವುದು ಅಡ್ಡಕ್ಕೆ ಬರೀ 5 ಡಿಗ್ರಿ. ಬಾವಿಯ ತಳದಿಂದ ಆಕಾಶ ನೋಡಿದಂತೆ. ಇಡೀ ಜನಸಂದಣಿಯಲ್ಲಿ ಸುತ್ತ ಏನಾಗುತ್ತಿದೆ ಅಂತ ಗೊತ್ತಿಲ್ಲದವರು ನೀವೊಬ್ಬರೇ. ಎರಡನೇ ವಿಮಾನ ಎಡದಿಂದ ಬಂದರೂ ಕಾಣುವುದಿಲ್ಲ.

ಅದಕ್ಕೆ ಕ್ಯಾಮೆರಾ ಹಿಡಿಯದ ಒಬ್ಬರು ಪಕ್ಕದಲ್ಲಿರಲಿ. ಅಣ್ಣನೋ ತಂಗಿಯೋ ಮನೆಯವರೋ ಗೆಳೆಯನೋ, ಯಾರಾದರೂ ಸರಿ. ಅವರ ಕೆಲಸ ಬರಿಗಣ್ಣಲ್ಲಿ ನೋಡುವುದು, ಬೇಕಾದಾಗ ನಿಮ್ಮ ಭುಜ ಹಿಡಿದು ಎಳೆಯುವುದು. ಎಳೆದರೆ ‘ಒಂದು ನಿಮಿಷ ಇರು’ ಅನ್ನುವಂತಿಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ. ಯಾವ ಕಡೆ ಹೋಗುವುದು ಅನ್ನುವುದನ್ನೂ ಆಗಲೇ ನಿರ್ಧರಿಸಿ. ವಿಮಾನ ಬರುವ ದಿಕ್ಕಿಗೆ ಅಡ್ಡಲಾಗಿ, ಅದರ ದಾರಿಯಿಂದ ದೂರಕ್ಕೆ. ದಾರಿಯುದ್ದಕ್ಕೂ ಓಡಿದರೆ ಅದೇ ನಿಮಗಿಂತ ಮುಂದೆ ಇರುತ್ತದೆ.

ಹಂತ 5: ಬಿಸಿಲು ಮತ್ತು ನೂಕುನುಗ್ಗಲು

ವಿಮಾನ ಬೀಳುವ ಭಯಕ್ಕಿಂತ ಇದು ನಿಜಕ್ಕೂ ದೊಡ್ಡದು. 2024ರ ಅಕ್ಟೋಬರ್ 6ರಂದು ಚೆನ್ನೈ ಮರೀನಾ ಬೀಚ್‌ನಲ್ಲಿ ವಾಯುಪಡೆಯ ಪ್ರದರ್ಶನ ನಡೆಯಿತು. ವಿಮಾನಗಳೆಲ್ಲ ಸುಖವಾಗಿ ಇಳಿದವು. ನೋಡಲು ಬಂದವರಲ್ಲಿ ಐದು ಜನ ಸತ್ತರು, ಎಷ್ಟೋ ಜನ ಆಸ್ಪತ್ರೆ ಸೇರಿದರು. ಬಿಸಿಲು, ನೀರಿನ ಕೊರತೆ, ಹೊರಗೆ ಹೋಗಲು ದಾರಿ ಇಲ್ಲದ ಜನಸಾಗರ.

ಮುಂಬೈಯ ಅಕ್ಟೋಬರ್ ಬಿಸಿಲು ಇದಕ್ಕೇನೂ ಕಮ್ಮಿ ಇಲ್ಲ. ತಲೆಗೆ ಟೋಪಿ, ಒಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ. ಗಂಟೆಗಟ್ಟಲೆ ಬಿಸಿಲಲ್ಲಿ ಭಾರದ ಲೆನ್ಸ್ ಹಿಡಿದು ನಿಂತ ಮೇಲೆ ಬೆವರು ನಿಂತು ತಲೆ ಸುತ್ತಿದರೆ ಅಲ್ಲಿಗೆ ಆಟ ಮುಗಿಸಿ ನೆರಳಿಗೆ ಹೋಗಿ. ಪ್ರದರ್ಶನ ಮುಗಿದ ಕೂಡಲೇ ಚರ್ಚ್‌ಗೇಟ್ ಸ್ಟೇಷನ್ ಕಡೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಅರ್ಧ ಗಂಟೆ ಕೂತು ಫೋಟೊ ನೋಡುತ್ತಿರಿ, ಆಮೇಲೆ ಹೊರಡಿ. ಕಿವಿಗೆ ಇಯರ್‌ಪ್ಲಗ್ ಇರಲಿ, ಮಕ್ಕಳಿಗಂತೂ ಬೇಕೇ ಬೇಕು. ಹಾರ್ವರ್ಡ್‌ನ ಪ್ರೊಪೆಲರ್ ತುದಿ ಶಬ್ದದ ವೇಗದ ಹತ್ತಿರ ತಿರುಗುತ್ತದೆ, ಆ ಕಿರುಚಾಟ ಕೇಳಿದವರಿಗೇ ಗೊತ್ತು.

ಹಂತ 6: ಕ್ಯಾಮೆರಾ ಕೆಲಸ

ಪ್ರೊಪೆಲರ್ ವಿಮಾನಕ್ಕೆ ಶಟರ್ 1/125ರಿಂದ 1/250 ಸೆಕೆಂಡ್. ಅದಕ್ಕಿಂತ ವೇಗವಾದರೆ ಪ್ರೊಪೆಲರ್ ನಿಂತಂತೆ ಕಂಡು ಆಟಿಕೆಯ ಹಾಗೆ ಆಗುತ್ತದೆ. ನಿಧಾನ ಶಟರ್ ಅಂದರೆ ಪ್ಯಾನ್ ಮಾಡಲೇಬೇಕು, ಅಪಾಯ ನುಸುಳುವುದು ಅಲ್ಲೇ. ಕಾಲು ಅಗಲಿಸಿ, ವಿಮಾನ ನಿಮ್ಮ ಎದುರಿಗೆ ಬರುವ ಜಾಗಕ್ಕೆ ಹೊಟ್ಟೆ ಮಾಡಿ ನಿಲ್ಲಿ. ಸೊಂಟದಿಂದ ಮೇಲೆ ಮಾತ್ರ ತಿರುಗಲಿ. ಕಾಲು ಎತ್ತಿಡಬೇಕು ಅನ್ನಿಸಿದರೆ ಕ್ಯಾಮೆರಾ ಇಳಿಸಿ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಹಿಂದೆ ಹೆಜ್ಜೆ ಇಡುವವರು ಬಿದ್ದೇ ಬೀಳುತ್ತಾರೆ.

ಇನ್ನೊಂದು ಕಣ್ಣು ತೆರೆದಿರಲಿ. ಮೊದಮೊದಲು ಕಷ್ಟ, ಆಮೇಲೆ ರೂಢಿಯಾಗುತ್ತದೆ. ಗುಂಪಿನಲ್ಲಿ ಟ್ರೈಪಾಡ್ ಬೇಡ, ಯಾರಾದರೂ ಎಡವುತ್ತಾರೆ. ವಿಮಾನ ನೇರ ನಿಮ್ಮ ಕಡೆ ಮೂಗು ಮಾಡಿತು, ಎಂಜಿನ್ ಶಬ್ದ ತಟ್ಟನೆ ಬದಲಾಯಿತು, ಹೊಗೆ ಇರಬಾರದ ಕಡೆ ಹೊಗೆ ಕಂಡಿತು, ಸುತ್ತಲಿನ ಜನ ಕೂಗಿದರು, ಇವುಗಳಲ್ಲಿ ಯಾವುದಾದರೂ ಸರಿ, ಕ್ಯಾಮೆರಾ ಕೆಳಗೆ. ಆ ಫೋಟೊ ಹೋದರೆ ಹೋಗಲಿ.

ಹಂತ 7: ನೆಲದ ಮೇಲಿನ ವಿಮಾನ

ಎಂಜಿನ್ ನಿಂತಿದೆ, ಇನ್ನೇನು ಭಯ ಅಂತ ಹತ್ತಿರ ಹೋಗುತ್ತಾರೆ. ಟೈಗರ್ ಮಾತ್‌ನ ಪ್ರೊಪೆಲರನ್ನು ಕೈಯಲ್ಲೇ ತಿರುಗಿಸಿ ಸ್ಟಾರ್ಟ್ ಮಾಡುತ್ತಾರೆ, ಅದಕ್ಕೆ ಮೂಲತಃ ಚಕ್ರದ ಬ್ರೇಕೂ ಇಲ್ಲ. ಹಳೇ ಎಂಜಿನ್‌ಗಳಲ್ಲಿ ಕಿಡಿ ಕೊಡುವುದು ಮ್ಯಾಗ್ನೆಟೊ. ಸ್ವಿಚ್ ಆಫ್ ಆಗಿದ್ದರೂ ವೈರ್ ಕೆಟ್ಟಿದ್ದರೆ ಪ್ರೊಪೆಲರ್ ಸ್ವಲ್ಪ ಅಲುಗಿಸಿದ್ದಕ್ಕೇ ಎಂಜಿನ್ ಒಂದು ಏಟು ಹೊಡೆಯಬಹುದು. ಪ್ರೊಪೆಲರ್‌ಗೆ ಒರಗಿ ಸೆಲ್ಫಿ ತೆಗೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇವೆಲ್ಲ ಬಾಲ ನೆಲಕ್ಕೂರಿ, ಮೂಗೆತ್ತಿ ನಿಲ್ಲುವ ವಿಮಾನಗಳು. ನೆಲದ ಮೇಲೆ ಓಡುವಾಗ ಪೈಲಟ್‌ಗೆ ನೇರ ಮುಂದಿನದು ಕಾಣುವುದೇ ಇಲ್ಲ, ಅದಕ್ಕೇ ಹಾವಿನಂತೆ ಆಚೀಚೆ ತಿರುಗಿಸುತ್ತಾ ಬರುತ್ತಾರೆ. ಒಳ್ಳೆ ಆಂಗಲ್ ಅಂತ ಮುಂದೆ ಮಂಡಿಯೂರಿ ಕೂತವರು ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಹಂತ 8: ‘ನಿನಗೋಸ್ಕರ ಕೆಳಗೆ ಬರ್ತೀನಿ’ ಅಂದರೆ

ಪೈಲಟ್ ಪರಿಚಯ ಇದ್ದರೆ ಈ ಮಾತು ಬರುತ್ತದೆ. ಬೇಡ ಅನ್ನಿ. ಅಂತರರಾಷ್ಟ್ರೀಯ ನಿಯಮದಂತೆ ಜನವಸತಿ ಮೇಲೆ ಹಾರುವ ವಿಮಾನ, ಸುತ್ತ 600 ಮೀಟರ್ ಒಳಗಿನ ಅತಿ ಎತ್ತರದ ಕಟ್ಟಡಕ್ಕಿಂತ 1,000 ಅಡಿ ಮೇಲೆ ಇರಬೇಕು, ಬೇರೆ ಕಡೆ 500 ಅಡಿ. ಕೆಳಗಿನಿಂದ ಕೈ ಬೀಸಿ ‘ಇನ್ನೂ ಕೆಳಗೆ’ ಅನ್ನುವುದು ಕೂಡ ಪೈಲಟ್ ಮೇಲೆ ಒತ್ತಡವೇ. ಎದುರಿಗೆ ಕ್ಯಾಮೆರಾ ಇದ್ದರೆ ಯಾರಿಗಾದರೂ ಸ್ವಲ್ಪ ಜಾಸ್ತಿ ತೋರಿಸಬೇಕು ಅನ್ನಿಸುತ್ತದೆ.

ಡ್ರೋನ್ ಬೇಡವೇ ಬೇಡ. ಮುಂಬೈ ಪೊಲೀಸರು ಆಗಾಗ ನಿಷೇಧದ ಆದೇಶ ಹೊರಡಿಸುತ್ತಲೇ ಇರುತ್ತಾರೆ. ಆದೇಶ ಇಲ್ಲದ ದಿನವೂ ತಗ್ಗಿನಲ್ಲಿ ಬರುವ ವಿಮಾನದ ದಾರಿಗೆ ಡ್ರೋನ್ ಬಿಟ್ಟರೆ ಅಪಘಾತಕ್ಕೆ ಕಾರಣ ನೀವೇ ಆಗುತ್ತೀರಿ.

ಹಂತ 9: ಆಗಬಾರದ್ದು ಆದರೆ

ಬ್ಯಾಗ್ ಬಿಟ್ಟು ದೂರ ಹೋಗಿ. ಗಾಳಿ ಬರುವ ಕಡೆಗೆ ಸರಿದರೆ ಹೊಗೆ ಕುಡಿಯುವುದು ತಪ್ಪುತ್ತದೆ. 112ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ದಾರಿಯಲ್ಲಿ ನಿಲ್ಲಬೇಡಿ. ಅವಶೇಷದ ಹತ್ತಿರ ಹೋಗಬೇಡಿ, ಚೂರನ್ನೂ ಎತ್ತಿಕೊಳ್ಳಬೇಡಿ. ಪೆಟ್ರೋಲು ಚೆಲ್ಲಿರುತ್ತದೆ, ಹಳೇ ಜೆಟ್ ಆದರೆ ಸಿಡಿಯದೆ ಉಳಿದ ಎಜೆಕ್ಷನ್ ಸೀಟ್ ಇರಬಹುದು, ಅದರಲ್ಲಿ ಸ್ಫೋಟಕ ಇರುತ್ತದೆ.

ನಿಮ್ಮ ಕಾರ್ಡ್‌ನಲ್ಲಿರುವುದು ಆಗ ಸಾಕ್ಷಿ. ಏನನ್ನೂ ಅಳಿಸಬೇಡಿ, ಎಡಿಟ್ ಮಾಡಬೇಡಿ. ಕ್ಯಾಮೆರಾ ಗಡಿಯಾರ ಎಷ್ಟು ಹಿಂದೆ ಮುಂದೆ ಇದೆ ಅಂತ ಫೋನ್ ಜೊತೆ ಹೋಲಿಸಿ ಬರೆದಿಡಿ. ತನಿಖೆಯವರು ಕೇಳಿದರೆ ಮೂಲ ಫೈಲ್‌ಗಳನ್ನೇ ಕೊಡಿ. ಸತ್ತವರ ಮನೆಗೆ ಸುದ್ದಿ ಮುಟ್ಟುವ ಮೊದಲು ವಾಟ್ಸಾಪ್‌ಗೆ ಹಾಕಬೇಡಿ, ಆಮೇಲೂ ಬೇಡ.

ಅಭ್ಯಾಸ ಎಲ್ಲಿ ಮಾಡಬೇಕು?

ಹಳೇ ವಿಮಾನದ ಆಕಾರ, ಉದ್ದ ಕಣ್ಣಿಗೆ ಕೂರಬೇಕಾದರೆ ಗೋವಾದ ಬೊಗ್ಮಾಲೊ ಹತ್ತಿರ ನೌಕಾ ವಿಮಾನ ಮ್ಯೂಸಿಯಂಗೆ ಹೋಗಿ. ಸೀ ಹಾಕ್, ಅಲಿಝೆ, ದೈತ್ಯ ಸೂಪರ್ ಕಾನ್‌ಸ್ಟಲೇಷನ್ ಎಲ್ಲ ನಿಂತಿವೆ. ಫೋಟೊಗೆ ಅನುಮತಿ ಕೇಳಿ, ಪಕ್ಕದ ಏರ್‌ಫೀಲ್ಡ್ ಕಡೆ ಲೆನ್ಸ್ ತಿರುಗಿಸಬೇಡಿ. ಪುಣೆಯವರಿಗೆ ಹಡಪ್ಸರ್‌ನಲ್ಲಿ ಗ್ಲೈಡಿಂಗ್ ಸೆಂಟರ್ ಇದೆ. ಅನುಮತಿ ಸಿಕ್ಕರೆ ನಿಧಾನವಾಗಿ ಹಾರುವುದನ್ನು ಹಿಂಬಾಲಿಸಲು ಒಳ್ಳೆ ಜಾಗ, ಆದರೆ ಗ್ಲೈಡರನ್ನು ಎಳೆಯುವ ವಿಂಚ್ ಕೇಬಲ್‌ನಿಂದ ದೂರ ಇರಿ.

ಮುಂಬೈಯವರು ಎಲ್ಲಿಗೂ ಹೋಗಬೇಕಿಲ್ಲ. ಭಾನುವಾರ ಬೆಳಿಗ್ಗೆ ಫುಟ್‌ಪಾತ್‌ನ ಒಳಗಡೆ ನಿಂತು ಮುಂಬೈ ನಗರ ಸಾರಿಗೆಯ ‘ಬೆಸ್ಟ್’ ಬಸ್ಸುಗಳನ್ನು 1/30ರಲ್ಲಿ ಪ್ಯಾನ್ ಮಾಡಿ, ಎರಡೂ ಕಣ್ಣು ತೆರೆದು, ಕಾಲು ಕದಲಿಸದೆ. ಹತ್ತರಲ್ಲಿ ಆರು ಬಸ್ಸಿನ ನಂಬರ್ ಸ್ಪಷ್ಟವಾಗಿ ಬರುವ ತನಕ ವಿಮಾನದ ತಂಟೆಗೆ ಹೋಗಬೇಡಿ.